ಕುಣಿತಕ್ಕೆ ಲೈಸೆನ್ಸ್, ಹಾಡಿಗೆ ಜೈಲು

ಡಬ್ಲಿನ್ ಪಕ್ಕದ ಡನ್ ಲಿಯರಿ ಬಂದರಿನ ಹೆಸರು ನಮ್ಮಲ್ಲಿ ಕೆಲವರ ಕಿವಿಗೆ ಬಿದ್ದಿರಬಹುದು. ಗಲ್ಫ್ ಬಿಟ್ಟು ಐರ್ಲೆಂಡ್‌ಗೆ ನರ್ಸ್ ಕೆಲಸಕ್ಕೆ ಹೋದವರು ನಮ್ಮ ಬಳಗದಲ್ಲೂ ಇದ್ದಾರೆ. 1920ರವರೆಗೆ ಆ ಊರಿನ ಹೆಸರು ಕಿಂಗ್ಸ್‌ಟೌನ್. ನಮಗೆ ಮಂಗಳೂರಿನ ವಿಮಾನ ನಿಲ್ದಾಣ ಹೇಗೋ, ಆಗ ಐರಿಷ್ ದುಡಿಮೆಗಾರರಿಗೆ ಆ ಬಂದರು ಹಾಗಿತ್ತು. ಅಲ್ಲಿ ಟಪಾಲು ಹಡಗು ಹತ್ತಿ ವೇಲ್ಸ್‌ನ ಹಾಲಿಹೆಡ್‌ನಲ್ಲಿ ಇಳಿದರೆ, ಮುಂದೆ ಇಂಗ್ಲೆಂಡಿನ ಕೆಲಸ. ಎರಡನೇ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿತ್ತು. ಆದರೂ ಸಾವಿರಾರು ಹುಡುಗ ಹುಡುಗಿಯರು ಪರ್ಮಿಟ್ ಪಡೆದು ಬ್ರಿಟನ್ನಿನ ಕಾರ್ಖಾನೆ, ಆಸ್ಪತ್ರೆಗಳಿಗೆ ಹೋದರು.

ಹೊಟ್ಟೆಪಾಡೇ ಮೊದಲ ಕಾರಣ, ಅದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹರೆಯದವರಿಗೆ ಊರಿನಲ್ಲಿ ಉಸಿರಾಡಲೂ ಜಾಗ ಕಡಿಮೆ ಇತ್ತು. 1934ರ ಹೊಸ ವರ್ಷದ ದಿನ ಲೀಟ್ರಿಮ್ ಜಿಲ್ಲೆಯ ಮೋಹಿಲ್‌ನಲ್ಲಿ ಜಾಝ್ ಸಂಗೀತದ ವಿರುದ್ಧ ದೊಡ್ಡ ಮೆರವಣಿಗೆ ನಡೆಯಿತು. ಮರುವರ್ಷವೇ ಕಾಯ್ದೆ ಬಂತು: ಕೋರ್ಟಿನ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ಕುಣಿತ ಕೂಡದು. ಮನೆಯೊಳಗೆ ಪಿಟೀಲು ಬಾರಿಸಿ ಕುಣಿಯುವವರ ಮೇಲೂ ಪೊಲೀಸರು, ಪಾದ್ರಿಗಳು ಕಣ್ಣಿಟ್ಟರು. ರಾಜ್ಯೋತ್ಸವಕ್ಕೆ ಹಾಲ್ ಹುಡುಕಿ, ಅನುಮತಿ ಪತ್ರಕ್ಕೆ ಅಲೆಯುವ ನಮ್ಮ ಕಾರ್ಯದರ್ಶಿಗಳು ಇದನ್ನೋದಿ ನಗಬಹುದು.

ಅದು ಚುನಾಯಿತ ಸರ್ಕಾರದ ದೇಶ. ಹಿಟ್ಲರನ ಜರ್ಮನಿಯಲ್ಲಿ ಇದೇ ಹುಚ್ಚಿಗೆ ಮಕ್ಕಳು ತೆತ್ತ ಬೆಲೆಯೇ ಬೇರೆ. ಹ್ಯಾಂಬರ್ಗ್ ಬಂದರಿನ ಶಾಲಾ ಹುಡುಗರು ಇಂಗ್ಲಿಷರಂತೆ ಉದ್ದ ಕೋಟು ತೊಟ್ಟು, ಕೂದಲು ಬೆಳೆಸಿ, ಮಳೆಯಿಲ್ಲದಿದ್ದರೂ ಕೊಡೆ ಹಿಡಿದು ತಿರುಗುತ್ತಿದ್ದರು. ಹುಡುಗಿಯರ ತುಟಿಗೆ ಬಣ್ಣ. ಅಮೆರಿಕದ ಸ್ವಿಂಗ್ ರೆಕಾರ್ಡುಗಳೆಂದರೆ ಪ್ರಾಣ. ಆ ಸಂಗೀತ ಕರಿಯರದು, ಯಹೂದಿಗಳದು ಎಂದು ನಾಜಿಗಳಿಗೆ ಹೊಟ್ಟೆಯುರಿ. 'ಹೈಲ್ ಹಿಟ್ಲರ್' ಅನ್ನಬೇಕಾದಲ್ಲಿ ಇವರು 'ಸ್ವಿಂಗ್ ಹೈಲ್' ಅನ್ನುತ್ತಿದ್ದರು. ಯುದ್ಧ ಶುರುವಾದ ದಿನದಿಂದಲೇ ವಿದೇಶಿ ರೇಡಿಯೋ ಕೇಳುವುದು ಅಪರಾಧ. ಇವರು ಕದ್ದು ಬಿಬಿಸಿ ಕೇಳಿದರು. 1940ರ ಫೆಬ್ರವರಿಯಲ್ಲಿ ಆಲ್ಟೋನಾದ ಹೋಟೆಲೊಂದರಲ್ಲಿ 500ಕ್ಕೂ ಹೆಚ್ಚು ಮಂದಿ ಸೇರಿ ಕುಣಿದರು. ಅವರ ನಡುವೆ ಗೂಢಚಾರರೂ ಇದ್ದರು.

ಇವರಲ್ಲಿ ಹೆಚ್ಚಿನವರು ಕ್ರಾಂತಿಕಾರಿಗಳೇನಲ್ಲ, ಉಳ್ಳವರ ಮಕ್ಕಳು. ಹಾಗೆಂದು ಅವರ ಧೈರ್ಯವನ್ನು ನಾವು ಕಡಿಮೆ ಎಣಿಸಲಾರೆವು. 1941ರ ಆಗಸ್ಟ್‌ನಲ್ಲಿ 300ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಹಲವರ ತಲೆ ಬೋಳಿಸಿ ಮನೆಗೆ ಕಳಿಸಿದರು. 1942ರ ಜನವರಿಯಲ್ಲಿ ಹಿಮ್ಲರ್ ಬರೆದ ಪತ್ರ ಸ್ಪಷ್ಟವಾಗಿತ್ತು: ಮುಂದಾಳುಗಳಿಗೆ ಮೊದಲು ಹೊಡೆತ, ಆಮೇಲೆ ಎರಡು ಮೂರು ವರ್ಷ ಶಿಬಿರದಲ್ಲಿ ದುಡಿಮೆ. ಹುಡುಗರು ಮೊರಿಂಗನ್‌ಗೆ, ಹುಡುಗಿಯರು ಉಕರ್‌ಮಾರ್ಕ್‌ಗೆ ಹೋದರು.

ಐರ್ಲೆಂಡ್‌ನಲ್ಲೂ ಒಬ್ಬರು ಕುಣಿತದ ಹಾಲ್ ಕಟ್ಟಿ ಊರನ್ನೇ ಕಳೆದುಕೊಂಡರು. ಜಿಮ್ಮಿ ಗ್ರಾಲ್ಟನ್ ಹರೆಯದವರಲ್ಲ. ಅಮೆರಿಕದಲ್ಲಿ ದುಡಿದು ಲೀಟ್ರಿಮ್‌ಗೆ ಮರಳಿದವರು, ಎಡಪಂಥೀಯರು. ಎಫ್ರಿನಾದ ಅವರ ಹಾಲ್‌ನಲ್ಲಿ ಕಿರಿಯರಿಗೆ ಪಾಠವೂ ಇತ್ತು, ಜಾಝ್ ಕೂಡ ಇತ್ತು. 1932ರ ಡಿಸೆಂಬರ್‌ನಲ್ಲಿ ಅದಕ್ಕೆ ಬೆಂಕಿ ಬಿತ್ತು. 1933ರಲ್ಲಿ, ಅಮೆರಿಕದ ಪೌರತ್ವ ಇದೆಯೆಂಬ ನೆಪದಲ್ಲಿ, ವಿಚಾರಣೆಯಿಲ್ಲದೆ ಅವರನ್ನು ಹುಟ್ಟಿದ ನೆಲದಿಂದಲೇ ವಿದೇಶಿಯೆಂದು ಗಡೀಪಾರು ಮಾಡಿದರು. 1945ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. 2016ರಲ್ಲಿ ಅಧ್ಯಕ್ಷ ಮೈಕಲ್ ಹಿಗ್ಗಿನ್ಸ್ ಎಫ್ರಿನಾಕ್ಕೆ ಬಂದು ಕ್ಷಮೆ ಕೇಳಿದರು.