ಜೋಡಿಯಾಗಿ ಬರುವ ದೇಶಗಳು

ನಮ್ಮ ಗೋ ಕೂಟಕ್ಕೆ ಹತ್ತು ವರ್ಷ ತುಂಬಿದ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದೇವೆ, ಜೋಡಿ ಗೋ ಪಂದ್ಯಾವಳಿಯ ಕಥೆಯನ್ನು ನೀವೇ ಬರೆದುಕೊಡಬೇಕು ಎಂದು ಸಮಿತಿಯವರು ಕೇಳಿದಾಗ ಮರುಮಾತಿಲ್ಲದೆ ಒಪ್ಪಿಕೊಂಡೆ. ಟೋಕಿಯೊದಲ್ಲಿ ನೆಲೆಸಿದ ಏಳೆಂಟು ಕನ್ನಡದ ಮನೆಗಳವರು ತಿಂಗಳಿಗೊಂದು ಭಾನುವಾರ ಮಣೆಯ ಸುತ್ತ ಕೂರುವ ರೂಢಿ ಬೆಳೆದದ್ದೇ ಆ ಪಂದ್ಯಾವಳಿಯ ನೆರಳಿನಲ್ಲಿ. ಕಾರ್ಯದರ್ಶಿಗಳು ಒಂದು ಪ್ರಶ್ನೆಯನ್ನೂ ಜೊತೆಗೆ ಕೊಟ್ಟರು: ‘ಅಲ್ಲಿಗೆ ಒಂದು ದೇಶ ಹೋಗೋದು ಹೇಗೆ ಅಂತ ಮಕ್ಕಳು ಕೇಳ್ತಾವೆ ಸಾರ್, ಅದನ್ನೂ ಸ್ವಲ್ಪ ಬಿಡಿಸಿ ಬರೀರಿ.’ ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಪಂದ್ಯಾವಳಿಯನ್ನು ಕಟ್ಟಿದವರಿಂದಲೇ ಹೊರಡಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಡ್ಡಕ್ಕೆ 19, ಉದ್ದಕ್ಕೆ 19 ಗೆರೆಗಳ ಮಣೆ. ಗೆರೆಗಳು ಕೂಡುವ 361 ಜಾಗಗಳಲ್ಲಿ ಒಬ್ಬರು ಕರಿಕಾಯಿ, ಒಬ್ಬರು ಬಿಳಿಕಾಯಿ ಇಡುತ್ತ ಹೋಗಬೇಕು. ಇಟ್ಟ ಕಾಯಿಯನ್ನು ಸರಿಸುವಂತಿಲ್ಲ. ಸುತ್ತುವರಿದರೆ ಎದುರಾಳಿಯ ಕಾಯಿ ನಮ್ಮದು, ಬೇಲಿ ಹಾಕಿದ ನೆಲ ನಮ್ಮದು. ಇಷ್ಟೇ ನಿಯಮ, ಕಲಿಯಲು ಒಂದು ಆಯುಷ್ಯ. ಶತಮಾನಗಳಿಂದ ಇದು ಇಬ್ಬರ ಆಟ. ಹಲವರು ಸರದಿಯಲ್ಲಿ ಕಾಯಿ ಇಡುವ ರೆಂಗೋ ಎಂಬ ವಿನೋದ ಜಪಾನಿನಲ್ಲಿ ಹಿಂದಿನಿಂದಲೂ ಇತ್ತು. ಆದರೆ ಅದು ಹಬ್ಬ ಹುಣ್ಣಿಮೆಯ ಸಂತೋಷಕ್ಕೆ, ಪಂದ್ಯಕ್ಕಲ್ಲ.

ಅದನ್ನು ಪಂದ್ಯದ ಘನತೆಗೆ ಏರಿಸಿದವರು ಹಿಸಾವೊ ತಾಕಿ. ವೃತ್ತಿಯಲ್ಲಿ ಉದ್ಯಮಿ. ಜಪಾನಿನವರು ಊಟದ ಮನೆ ಹುಡುಕಲು ನೋಡುವ ‘ಗುರುನಾವಿ’ ಜಾಲತಾಣವನ್ನು 1996ರಲ್ಲಿ ಶುರುಮಾಡಿದವರೂ ಇವರೇ. ಅದಕ್ಕೂ ಮುಂಚೆ ಅವರ ಮನಸ್ಸನ್ನು ಕೊರೆಯುತ್ತಿದ್ದದ್ದು ಗೋ ಆಟದ ಸ್ಥಿತಿ. ಆಗಿನ ಗೋಕೈಶೊಗಳು, ಅಂದರೆ ಗಂಟೆಗಿಷ್ಟು ಎಂದು ಕೊಟ್ಟು ಕೂತು ಆಡುವ ಜಾಗಗಳು, ವಯಸ್ಸಾದ ಗಂಡಸರಿಂದ ಮತ್ತು ಸಿಗರೇಟಿನ ಹೊಗೆಯಿಂದ ತುಂಬಿರುತ್ತಿದ್ದವು. ಹೆಂಗಸರು ಒಳಗೆ ಕಾಲಿಡಲು ಹಿಂಜರಿಯುತ್ತಿದ್ದರು. ಹೆಂಗಸರನ್ನು ಬನ್ನಿ ಎಂದು ಕರೆದರೆ ಸಾಲದು, ಅವರಿಲ್ಲದೆ ಆಟವೇ ನಡೆಯದಂತೆ ಮಾಡಬೇಕು. ಅದಕ್ಕೆ ತಾಕಿಯವರು ಕಂಡುಕೊಂಡ ದಾರಿ ಒಬ್ಬ ಹೆಣ್ಣು, ಒಬ್ಬ ಗಂಡು ಸೇರಿದ ಜೋಡಿ. 1990ರಲ್ಲಿ ಮೊದಲ ಅಂತರರಾಷ್ಟ್ರೀಯ ಅಮೆಚೂರ್ ಜೋಡಿ ಗೋ ಪಂದ್ಯಾವಳಿ ಟೋಕಿಯೊದಲ್ಲಿ ನಡೆಯಿತು. ಅವರ ಪತ್ನಿ ಹಿರೋಕೊ ತಾಕಿ ಅಂದಿನಿಂದ ಸಂಘಟನೆಗೆ ಹೆಗಲು ಕೊಟ್ಟವರು. ಅದನ್ನು ಕಟ್ಟಿದ್ದೂ ಒಂದು ಜೋಡಿಯೇ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆ ಕಾಲದ ಮಾತನ್ನು ನನಗೆ ಹೇಳಿದವರು ನಮ್ಮ ಮನೆಯೊಡತಿ. ಓಬಾಸಾನ್ ಎಂದೇ ಕರೆಯುತ್ತಿದ್ದೆವು, ನಮ್ಮ ಕಡೆ ಅಜ್ಜಿ ಎಂದಂತೆ. ಅವರ ಗಂಡ ಪ್ರತಿ ಶನಿವಾರ ಗೋಕೈಶೊಗೆ ಹೋಗುವವರು. ಈಕೆ ಮನೆಯಲ್ಲೇ ಕೂತು ದಿನಪತ್ರಿಕೆಯ ಗೋ ಅಂಕಣವನ್ನು ಕತ್ತರಿಸಿಟ್ಟುಕೊಂಡು, ಅಡುಗೆಮನೆಯ ಮೇಜಿನ ಮೇಲೆ ಒಬ್ಬರೇ ಆಡಿ ಕಲಿತರು. ಗಂಡನಿಗೇ ಬಹಳ ವರ್ಷ ಗೊತ್ತಿರಲಿಲ್ಲವಂತೆ. ಜೋಡಿ ಗೋ ಬಂದಿದೆ ಎಂದು ತಿಳಿದಾಗ ತಮ್ಮನನ್ನು ಕರೆದುಕೊಂಡು ಹೋಗಿ ಹೆಸರು ಕೊಟ್ಟರು. ‘ಕಾಯಿ ಹಿಡಿದ ಕೈ ನಡುಗುತ್ತಿತ್ತು. ಸುತ್ತ ನೋಡಿದರೆ ಎಲ್ಲ ಮೇಜಿನಲ್ಲೂ ನನ್ನ ಹಾಗೆ ಒಬ್ಬಳಿದ್ದಳು’ ಎಂದು ಅವರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಹೆಂಗಸರ ಬಗೆಗಿನ ಆ ಕಾಳಜಿ ನಿಯಮಗಳಲ್ಲೂ ಕಾಣುತ್ತದೆ. ಮೊದಲು ಕರಿಕಾಯಿಯ ಹೆಣ್ಣು, ಆಮೇಲೆ ಬಿಳಿಕಾಯಿಯ ಹೆಣ್ಣು, ಅನಂತರ ಕರಿಕಾಯಿಯ ಗಂಡು, ಕೊನೆಗೆ ಬಿಳಿಕಾಯಿಯ ಗಂಡು. ಈ ಸರದಿ ಕೊನೆಯತನಕ ತಪ್ಪಬಾರದು. ತಪ್ಪಿ ಕಾಯಿ ಇಟ್ಟರೆ ಮೂರು ಅಂಕ ದಂಡ. ಜೋಡಿಗಳು ಪರಸ್ಪರ ಮಾತಾಡುವಂತಿಲ್ಲ. ಈಗ ಯಾರ ಸರದಿ ಎಂದು ಕೇಳಬಹುದು, ಸೋಲೊಪ್ಪಿಕೊಳ್ಳೋಣವೇ ಎಂದು ಕೇಳಬಹುದು, ಅಷ್ಟೇ. ಕಣ್ಸನ್ನೆಗೂ ಅವಕಾಶವಿಲ್ಲ. ನಮ್ಮ ಪಗಡೆಯಲ್ಲೂ ಎದುರುಬದುರು ಕೂತವರು ಜೊತೆಗಾರರು. ಅಲ್ಲಿ ಗರಕ್ಕೆ ತಕ್ಕ ನಡೆ, ಜೊತೆಗೆ ಮಾತಿನ ಗಲಾಟೆ. ಇಲ್ಲಿ ಗರವೂ ಇಲ್ಲ, ಮಾತೂ ಇಲ್ಲ. ಪಕ್ಕದಲ್ಲಿ ಕೂತವರ ಮನಸ್ಸನ್ನು ಅವರು ಇಟ್ಟ ಕಾಯಿಯಿಂದಲೇ ಓದಬೇಕು. ಜೊತೆಗಾರ ಎಷ್ಟೇ ಬಲಶಾಲಿಯಾಗಿರಲಿ, ಅವನ ಪಾಲಿಗೆ ಅರ್ಧ ಕಾಯಿಗಳು ಮಾತ್ರ.

ಮುಂದಿನ ದಶಕಗಳಲ್ಲಿ ಪಂದ್ಯಾವಳಿ ವರ್ಷವರ್ಷವೂ ನಡೆಯುತ್ತ ಬಂತು, ಹೊಸ ದೇಶಗಳು ಸೇರಿದವು. ಜಪಾನಿನ ಜೋಡಿ ಗೋ ಸಂಘದ ಜೊತೆಗೆ ಜಾಗತಿಕ ಸಂಘವೂ ಹುಟ್ಟಿತು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಿಶ್ರ ಜೋಡಿಗೂ ಚಿನ್ನದ ಪದಕವಿತ್ತು, ಕೊರಿಯಾದ ಪಾರ್ಕ್ ಜಂಗ್‌ಹ್ವಾನ್ ಮತ್ತು ಲೀ ಸುಲಾ ಅದನ್ನು ಗೆದ್ದರು. ಹಾಂಗ್‌ಝೌ ಕೂಟದಲ್ಲಿ ಗೋ ಮರಳಿ ಬಂದಾಗ ಜೋಡಿಯ ಸ್ಪರ್ಧೆ ಪಟ್ಟಿಯಲ್ಲಿರಲಿಲ್ಲ. ಅದರ ಕಾರಣಗಳನ್ನು ಇಲ್ಲಿ ಕೆದಕುವುದು ಬೇಡ. 2017ರ ಮೇ ತಿಂಗಳಲ್ಲಿ ಚೀನಾದ ವೂಝೆನ್‌ನಲ್ಲಿ ಗು ಲಿ ಮತ್ತು ಲಿಯಾನ್ ಶಿಯಾವೊ ತಲಾ ಒಂದೊಂದು ಆಲ್ಫಾಗೋ ಯಂತ್ರವನ್ನು ಜೊತೆ ಮಾಡಿಕೊಂಡು ಆಡಿದರು, ಲಿಯಾನ್ ಗೆದ್ದರು. ಯಂತ್ರದ ಮುಂದಿನ ನಡೆ ಏನಿರಬಹುದೆಂದು ಆ ಇಬ್ಬರು ದೊಡ್ಡ ಆಟಗಾರರೂ ತಲೆ ಕೆಡಿಸಿಕೊಂಡದ್ದನ್ನು ನೋಡಿ, ನಮ್ಮ ಕಷ್ಟ ಅವರಿಗೂ ಇದೆಯಲ್ಲ ಎಂದು ನಾವು ಮಾತಾಡಿಕೊಂಡೆವು.

ಇನ್ನು ಮಕ್ಕಳ ಪ್ರಶ್ನೆ. ನಾನು ಕಂಡ ವರ್ಷಗಳಲ್ಲಿ ಮುಖ್ಯ ಪಂದ್ಯಕ್ಕೆ 32 ಜೋಡಿಗಳು. ಐದು ಸುತ್ತು ಆಡಿದರೆ ಸೋಲದೆ ಉಳಿಯುವುದು ಒಂದೇ ಜೋಡಿ, ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಕುರ್ಚಿಗಳನ್ನು ಮನಬಂದಂತೆ ಹೆಚ್ಚಿಸಲಾಗದು. ಅದರಲ್ಲಿ ಒಂದು ಪಾಲು ಜಪಾನಿನ ಜೋಡಿಗಳಿಗೆ. ಅವರು ತಮ್ಮ ತಮ್ಮ ಪ್ರಾಂತ್ಯಗಳ ಪಂದ್ಯ ಗೆದ್ದು ಬರಬೇಕು. ಉಳಿದದ್ದು ಹೊರದೇಶಗಳಿಗೆ, ಸಾಮಾನ್ಯವಾಗಿ ದೇಶಕ್ಕೊಂದು ಜೋಡಿ. ಕರೆ ಬರುವುದು ವ್ಯಕ್ತಿಗಲ್ಲ, ಆ ದೇಶದ ಗೋ ಸಂಸ್ಥೆಗೆ. ಆ ಸಂಸ್ಥೆ ತನ್ನಲ್ಲೇ ಪಂದ್ಯ ನಡೆಸಿಯೋ ಬೇರೆ ಕ್ರಮದಿಂದಲೋ ಜೋಡಿಯನ್ನು ಆರಿಸಿ ಕಳಿಸಬೇಕು. ವೃತ್ತಿಪರ ಆಟಗಾರರು ಬರುವಂತಿಲ್ಲ.

ಅಂದರೆ ಮೊದಲು ದೇಶದಲ್ಲಿ ಒಂದು ಸಂಸ್ಥೆ ಇರಬೇಕು. ಇಲ್ಲಿ ಜಪಾನಿನ ಹಿರಿಯ ಆಟಗಾರ ಕಾವೊರು ಇವಾಮೊತೊ ಅವರಿಗೆ ಕೈಮುಗಿಯದೆ ಮುಂದೆ ಹೋಗಲಾರೆ. 1945ರ ಆಗಸ್ಟ್ 6ರಂದು ಹಿರೋಶಿಮಾದ ಹೊರವಲಯದಲ್ಲಿ ಉತಾರೊ ಹಶಿಮೊತೊ ಅವರೆದುರು ಹೊನಿಂಬೊ ಪಟ್ಟದ ಆಟದಲ್ಲಿದ್ದಾಗ ಬಾಂಬು ಬಿತ್ತು. ಕಿಟಕಿಗಳು ಒಡೆದವು, ಕಾಯಿಗಳು ಚೆಲ್ಲಾಪಿಲ್ಲಿಯಾದವು. ಕಾಯಿಗಳನ್ನು ಮತ್ತೆ ಇದ್ದಲ್ಲೇ ಜೋಡಿಸಿ ಅವರು ಆಟ ಮುಗಿಸಿದರು. ಅಂಥ ದಿನ ಕಂಡ ಇವಾಮೊತೊ ಮುಂದೆ ತಮ್ಮ ಸಂಪತ್ತನ್ನು ಹೊರದೇಶಗಳಲ್ಲಿ ಗೋ ಕೇಂದ್ರಗಳನ್ನು ಕಟ್ಟಲು ಕೊಟ್ಟರು. ಸಾವ್ ಪಾವ್ಲೊ, ಆಮ್‌ಸ್ಟರ್‌ಡ್ಯಾಮ್, ನ್ಯೂಯಾರ್ಕ್, ಸಿಯಾಟಲ್‌ಗಳಲ್ಲಿ ಬಾಗಿಲು ತೆರೆದ ಆ ಕೇಂದ್ರಗಳಿಂದ ಹೊರದೇಶದ ಎಷ್ಟೋ ಆಟಗಾರರಿಗೆ ಒಂದು ನೆಲೆ ಸಿಕ್ಕಿತು. 1982ರಲ್ಲಿ ಅಂತರರಾಷ್ಟ್ರೀಯ ಗೋ ಒಕ್ಕೂಟ ಬಂದಮೇಲೆ ಇಂಥ ಸಂಸ್ಥೆಗಳು ಒಂದು ಸೂರಿನಡಿ ಸೇರಿದವು. ಭಾರತವೂ ಅದರ ಸದಸ್ಯ ದೇಶ.

ಕಷ್ಟ ಬರುವುದು ಯುರೋಪಿನಂಥ ಕಡೆ. ದೇಶಗಳು ಹೆಚ್ಚು, ಕುರ್ಚಿಗಳು ಕಡಿಮೆ. ಬಲವೊಂದನ್ನೇ ನೋಡಿದರೆ ಪ್ರತಿವರ್ಷ ಅವೇ ನಾಲ್ಕಾರು ದೇಶಗಳು ಬರುತ್ತವೆ. ಸರದಿಯೊಂದನ್ನೇ ನೋಡಿದರೆ ಆಟದ ಮಟ್ಟ ಇಳಿಯುತ್ತದೆ. ಹಾಗಾಗಿ ಎರಡನ್ನೂ ತೂಗಬೇಕಾಗುತ್ತದೆ. ಅಲ್ಲಿ ಜೋಡಿ ಗೋಗೆಂದೇ ಯುರೋಪಿಯನ್ ಚಾಂಪಿಯನ್‌ಶಿಪ್ ನಡೆಯುತ್ತದೆ. ಅದಕ್ಕೆ ಜೋಡಿ ಕಳಿಸಿ ಮನೆಯಲ್ಲಿ ಆಟ ಬೆಳೆಸಿದ ದೇಶಕ್ಕೆ ಬೆಲೆ ಸಿಗುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಸಂಸ್ಥೆ, ಬಲ, ಸರದಿ ಎಲ್ಲಕ್ಕಿಂತ ಮುಂಚಿನ ಅರ್ಹತೆ ಇನ್ನೊಂದಿದೆ. ಒಂದು ದೇಶದಲ್ಲಿ ಬಲವಾದ ಗಂಡಸರು ನೂರು ಜನರಿದ್ದು, ಮಣೆಯ ಮುಂದೆ ನಿಷ್ಠೆಯಿಂದ ಕೂರುವ ಒಬ್ಬ ಹೆಣ್ಣುಮಗಳಿಲ್ಲದಿದ್ದರೆ ಆ ದೇಶಕ್ಕೆ ಇಲ್ಲಿ ಪ್ರವೇಶವಿಲ್ಲ. ತಾಕಿ ದಂಪತಿ ಇಟ್ಟ ಹೊಸಿಲು ಅದು. ಆ ಹೊಸಿಲು ದಾಟಲೆಂದೇ ಗೋ ಸಂಸ್ಥೆಗಳು ತಮ್ಮ ಊರಿನ ಹುಡುಗಿಯರಿಗೆ ಆಟ ಕಲಿಸಬೇಕಾಯಿತು.

ಪಂದ್ಯ ನಡೆಯುತ್ತಿದ್ದದ್ದು ಟೋಕಿಯೊದ ಈದಾಬಾಶಿಯ ಎಡ್ಮಂಟ್ ಹೋಟೆಲಿನಲ್ಲಿ. ಗೋ ಆಟದ ದೊಡ್ಡಮನೆಯಾದ ನಿಹೊನ್ ಕಿ-ಇನ್ ಇರುವ ಇಚಿಗಾಯ ಅಲ್ಲಿಂದ ಒಂದೇ ಸ್ಟೇಷನ್ ದೂರ. ಗಿಂಕೊ ಎಲೆಗಳು ಹಳದಿಯಾಗಿ ಉದುರುವ ಕಾಲಕ್ಕೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುವ ಪದ್ಧತಿ ಹಾಕಿಕೊಂಡೆವು. ಆಯಾ ದೇಶದ ಉಡುಪಿನಲ್ಲಿ ಬಂದವರು ಜೋಡಿಗಳನ್ನು ಅದಲುಬದಲು ಮಾಡಿಕೊಂಡು ಆಡುವ ಸೌಹಾರ್ದ ಪಂದ್ಯವೂ ಇತ್ತು, ಚೆನ್ನಾಗಿ ಉಟ್ಟವರಿಗೆ ಬಹುಮಾನವೂ. ಇಳಕಲ್ ಸೀರೆ ಉಟ್ಟು ಬಂದಿದ್ದ ನನ್ನಾಕೆಯನ್ನು ಕಿಮೊನೊ ತೊಟ್ಟ ಇಬ್ಬರು ಹೆಂಗಸರು ನಿಲ್ಲಿಸಿ, ಟೋಪಿ ಸೆರಗನ್ನು ಬೆರಳಲ್ಲಿ ಮುಟ್ಟಿ ನೋಡಿದರು.

ಮುಖ್ಯ ಪಂದ್ಯ ನಮ್ಮಂಥವರಿಗಲ್ಲ. ನಾವು ಆಡಿದ್ದು ಅದರ ಜೊತೆಗೇ ನಡೆಯುವ ಅರಾಕಿ ಕಪ್‌ನಲ್ಲಿ. ಬಲ ಕಡಿಮೆಯಿದ್ದವರಿಗೆ ರಿಯಾಯಿತಿ ಕೊಟ್ಟು ಆಡಿಸುವ ಪಂದ್ಯ ಅದು. ಒಂದು ಆಟದ ಮಧ್ಯದಲ್ಲಿ ಎದುರಾಳಿಯ ಏಣಿಯೊಂದನ್ನು, ಅಂದರೆ ಕಾಯಿಗಳನ್ನು ಓರೆಯಾಗಿ ಬೆನ್ನಟ್ಟುವ ಸಾಲನ್ನು, ಕೊನೆಯವರೆಗೂ ಲೆಕ್ಕ ಹಾಕುತ್ತ ನಾನು ಮೈಮರೆತೆ. ನನ್ನಾಕೆ ಇಡಬೇಕಾದ ಕಡೆ ನಾನೇ ಕಾಯಿ ಇಟ್ಟುಬಿಟ್ಟೆ. ಅವಳ ಬೆರಳುಗಳ ನಡುವೆ ಆಗಲೇ ಒಂದು ಕರಿಕಾಯಿ ಇತ್ತು. ಅದನ್ನು ಸದ್ದಿಲ್ಲದೆ ಬಟ್ಟಲಿಗೆ ಹಾಕಿದಳು. ಮೂರು ಅಂಕ ದಂಡ ಬಿತ್ತು. ಎಣಿಸಿದಾಗ ನಾವು ಸೋತದ್ದು ಎರಡೂವರೆ ಅಂಕದಿಂದ. ರೈಲಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: ‘ರೀ, ನೀವಿಟ್ಟ ಜಾಗಾನೇ ನಾನೂ ನೋಡ್ಕೊಂಡಿದ್ದೆ.’ ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ದೊಡ್ಡ ಮೆಚ್ಚುಗೆಯನ್ನು ನಾನು ಪಡೆದಿಲ್ಲ.

ಆ ಚಳಿಗಾಲದಲ್ಲೇ ನಾವಿಬ್ಬರೂ ಕೂತು ಜೋಡಿ ಗೋ ನಿಯಮಗಳನ್ನು ಕನ್ನಡಕ್ಕೆ ತಂದೆವು. ಮಣೆ, ಕಾಯಿ, ಸರದಿ, ದಂಡ ಎಂಬ ನಮ್ಮ ಮನೆಯ ಮಾತುಗಳೇ ಹೇಗೆ ಸಲೀಸಾಗಿ ಒದಗಿಬಂದವು ಎಂದು ಈಗಲೂ ಬೆರಗಾಗುತ್ತದೆ. ನಾಲ್ಕು ಪುಟದ ಆ ಹಾಳೆಯೇ ಕೂಟದ ಮೊದಲ ಆಸ್ತಿ. ಎರಡೇ ವಾರದಲ್ಲಿ ಐದು ಜೋಡಿಗಳು ಸೇರಿದವು. ಗಂಡ ಹೆಂಡತಿ ಇದ್ದರು, ಅಣ್ಣ ತಂಗಿ ಇದ್ದರು, ಅತ್ತೆ ಅಳಿಯ ಸಹ ಇದ್ದರು. ಅತ್ತೆ ಅಳಿಯನ ಜೋಡಿಯೇ ಮೊದಲ ವರ್ಷ ಗೆದ್ದದ್ದು.

ನಡುವೆ ಒಂದು ವರ್ಷ ಕೂಟದಲ್ಲಿ ಎರಡು ಅಭಿಪ್ರಾಯ ಬಂದವು. ಜೋಡಿಗಳನ್ನು ಬಲ ನೋಡಿ ಕಟ್ಟಬೇಕೇ, ಚೀಟಿ ಎತ್ತಿ ಕಟ್ಟಬೇಕೇ ಎಂಬುದು ವಿಷಯ. ಎರಡು ಕುಟುಂಬಗಳು ಕೆಲಕಾಲ ಬರಲಿಲ್ಲ. ಎರಡೂ ಕಡೆಯವರು ನಮ್ಮವರೇ, ಕೂಟಕ್ಕಾಗಿ ಬೆವರು ಸುರಿಸಿದವರೇ. ಈಗ ಎಲ್ಲರೂ ಒಂದೇ ಮಣೆಗೆ ಬಂದಿರುವಾಗ ಅದನ್ನು ಬಿಡಿಸಿ ಹೇಳುವ ಅಗತ್ಯ ಕಾಣುವುದಿಲ್ಲ. ಸದ್ಯಕ್ಕೆ ಚೀಟಿಯೇ ನಡೆದುಬಂದಿದೆ.

ಓಬಾಸಾನ್ ತೀರಿಕೊಂಡ ಮೇಲೆ ಅವರ ಮಗ ತಂದೆಯ ಕಾಯಾ ಮರದ ಮಣೆಯನ್ನು ನಮಗೆ ತಂದುಕೊಟ್ಟರು. ಕಾಲುಗಳಿರುವ ದಪ್ಪ ಮಣೆ, ಎರಡು ಕೈಯಲ್ಲಿ ಎತ್ತಿದರೆ ಮಗುವನ್ನು ಎತ್ತಿದಷ್ಟು ಭಾರ. ಒಂದು ಮೂಲೆಯಲ್ಲಿ ಗೆರೆಗಳು ಸ್ವಲ್ಪ ಸವೆದಿವೆ. ಹತ್ತನೆಯ ವರ್ಷದ ಪಂದ್ಯ ಅದರ ಮೇಲೆಯೇ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚೀಟಿ ಎತ್ತುತ್ತೇವೆ. ಕರಿಕಾಯಿ ಪಾಲಿಗೆ ಬಂದ ಜೋಡಿಯ ಹೆಣ್ಣುಮಗಳು ಮೊದಲ ಕಾಯಿ ಇಡುತ್ತಾಳೆ.