ಫ್ಲಾಪ್‌ಗೆ ಮುನ್ನ ಬರಿಯ ಕಾಲ್: ಯಾವ ಜಾಗದಲ್ಲಿ, ಯಾವ ಬೆಲೆಗೆ?

ಹೋಲ್ಡೆಮ್ ಪೋಕರ್‌ನಲ್ಲಿ ಮೇಜಿನ ಮೇಲಿನ ಮೊದಲ ಮೂರು ಎಲೆ, ಅಂದರೆ ಫ್ಲಾಪ್, ತೆರೆಯುವ ಮುನ್ನ ಆಟಗಾರನಿಗಿರುವ ದಾರಿ ಮೂರು: ಎಲೆ ಎಸೆದು ಹೊರಬೀಳುವ ಫೋಲ್ಡ್, ಪಣ ಏರಿಸುವ ರೇಸ್, ಎದುರಿನ ಪಣಕ್ಕೆ ಸಮ ಹಾಕಿ ಉಳಿಯುವ ಕಾಲ್. ಮೂರನೆಯದಕ್ಕೆ ಅನುಭವಿಗಳ ನಡುವೆ ಒಳ್ಳೆಯ ಹೆಸರಿಲ್ಲ. ಅಂಜುವವನ ಆಟವೆಂದೇ ಅದನ್ನು ಎಣಿಸುತ್ತಾರೆ. ಈ ಅಪಖ್ಯಾತಿ ಪೂರ್ತಿ ನ್ಯಾಯವಲ್ಲ. ಕಾಲ್ ಸರಿಯೋ ತಪ್ಪೋ ಎಂಬುದು ಆಡುವವನ ಸ್ವಭಾವಕ್ಕಿಂತ ಹೆಚ್ಚಾಗಿ ಅವನು ಕೂತ ಜಾಗಕ್ಕೆ, ಅಲ್ಲಿ ತೆರಬೇಕಾದ ಬೆಲೆಗೆ ಸೇರಿದ ಪ್ರಶ್ನೆ. ಎರಡು ಕಂಪ್ಯೂಟರ್ ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ಇದು ಸ್ಪಷ್ಟವಾಗುತ್ತದೆ.

ಆಲ್ಬರ್ಟಾ ವಿಶ್ವವಿದ್ಯಾಲಯದ ಮೈಕಲ್ ಬೌಲಿಂಗ್ ಮತ್ತು ಸಂಗಡಿಗರು 2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದ ಸೀಫಿಯಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ, ಇಬ್ಬರೇ ಆಡುವ, ಪಣಕ್ಕೆ ಮಿತಿಯಿರುವ ಹೋಲ್ಡೆಮ್ ಅನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿತು. ಅಲ್ಲಿ ಯಾರೂ ರೇಸ್ ಮಾಡದ ಪಾಟ್‌ಗೆ (ಪಣದ ರಾಶಿಗೆ) ಡೀಲರ್ ಬರಿಯ ಕಾಲ್ ಹಾಕುವುದು, ಅಂದರೆ ಲಿಂಪ್ ಮಾಡುವುದು, ಶೇ. 0.06ರಷ್ಟು ಸಲ ಮಾತ್ರ. ಇಷ್ಟನ್ನೇ ಓದಿದವರು ಕಾಲ್ ಸತ್ತಿತೆಂದು ತೀರ್ಮಾನಿಸಬಹುದು. ಆದರೆ ಅದೇ ಲೇಖನದ ಇನ್ನೊಂದು ಫಲಿತಾಂಶ ನನಗೆ ಹೆಚ್ಚು ಮುಖ್ಯ: ಎದುರಾಳಿ ಮರುರೇಸ್ ಮಾಡಿದಾಗ ಡೀಲರ್ ಪಣವನ್ನು ಕೊನೆಯ ಮಿತಿಗೆ ಏರಿಸುವುದೇ ಇಲ್ಲವೆನ್ನಬಹುದು. ಕೈಯಲ್ಲಿ ಎಕ್ಕದ ಜೋಡಿಯಿದ್ದರೂ ಹಾಗೆ ಏರಿಸುವುದು ಶೇ. 0.01ಕ್ಕಿಂತ ಕಡಿಮೆ ಸಲ. ಸೀಫಿಯಸ್ ಆಟದಲ್ಲೇ ಅತ್ಯುತ್ತಮವಾದ ಎಲೆಗಳನ್ನು ಹಿಡಿದು ಸುಮ್ಮನೆ ಕಾಲ್ ಮಾಡುತ್ತದೆ. ಮುಂದಿನ ಸುತ್ತುಗಳಲ್ಲಿ ಡೀಲರ್ ಎದುರಾಳಿಯ ನಡೆ ನೋಡಿಯೇ ಆಡುತ್ತಾನೆ. ತನ್ನ ಬಲವನ್ನು ಮುಚ್ಚಿಟ್ಟುಕೊಂಡರೆ ಅವನಿಗೆ ನಷ್ಟವಿಲ್ಲ. ಇದನ್ನು ಅಂಜಿಕೆಯೆಂದು ಕರೆಯಲಾಗದು.

ನೋಮ್ ಬ್ರೌನ್ ಮತ್ತು ಟ್ಯೂಮಸ್ ಸ್ಯಾಂಡ್‌ಹೋಮ್ 2019ರಲ್ಲಿ ಅದೇ ಪತ್ರಿಕೆಯಲ್ಲಿ ವರದಿ ಮಾಡಿದ ಪ್ಲುರಿಬಸ್ ಎಂಬ ಪ್ರೋಗ್ರಾಂ ಆಡಿದ್ದು ಆರು ಜನರ, ಪಣಕ್ಕೆ ಮಿತಿಯಿಲ್ಲದ ಆಟ. ತನ್ನೊಂದಿಗೆ ತಾನೇ ಆಡಿ ಕಲಿಯುವ ಆರಂಭದಲ್ಲಿ ಅದು ಲಿಂಪ್ ಮಾಡಿ ನೋಡಿತ್ತು. ಕಲಿಕೆ ಮಾಗಿದಂತೆ ಕ್ರಮೇಣ ಕೈಬಿಟ್ಟಿತು. ಅಪವಾದ ಸ್ಮಾಲ್ ಬ್ಲೈಂಡ್, ಅಂದರೆ ಆಟಕ್ಕೆ ಮುನ್ನ ಕಡ್ಡಾಯವಾಗಿ ಅರ್ಧ ಪಣ ಇಡುವವನು, ಒಬ್ಬನೇ. ನಿಯಮದಂತೆ ಅರ್ಧ ಪಣ ಅವನಿಂದ ಆಗಲೇ ಪಾಟ್‌ಗೆ ಬಿದ್ದಿರುವುದರಿಂದ ಉಳಿದ ಅರ್ಧವನ್ನಷ್ಟೇ ಅವನು ಹಾಕಬೇಕು ಎಂದು ಲೇಖಕರು ಕಾರಣ ಕೊಡುತ್ತಾರೆ.

ಈ ಕಾರಣ ನಿಜ, ಆದರೆ ಸಾಲದು. ಇಬ್ಬರ ಆಟದಲ್ಲಿ ಸ್ಮಾಲ್ ಬ್ಲೈಂಡ್ ಕೊಡುವವನು ಡೀಲರನೇ. ಸೀಫಿಯಸ್‌ಗೂ ಅದೇ ಅರ್ಧ ಬೆಲೆಯ ರಿಯಾಯಿತಿ ಇತ್ತು. ಆದರೂ ಅದು ಲಿಂಪ್ ಬೇಡವೆಂದಿತು. ವ್ಯತ್ಯಾಸ ಜಾಗದಲ್ಲಿದೆ ಎಂದು ನನ್ನ ಊಹೆ. ಆರು ಜನರ ಮೇಜಿನಲ್ಲಿ ಸ್ಮಾಲ್ ಬ್ಲೈಂಡ್ ಫ್ಲಾಪ್ ನಂತರ ಎಲ್ಲರಿಗಿಂತ ಮೊದಲು ಆಡಬೇಕು, ಹಾಗಾಗಿ ಪಾಟ್ ಚಿಕ್ಕದಾಗಿರುವುದೇ ಅವನಿಗೆ ಕ್ಷೇಮ. ಒಂದು ಮಿತಿಯುಳ್ಳ ಆಟ, ಇನ್ನೊಂದು ಮಿತಿಯಿಲ್ಲದ್ದು ಎಂಬುದನ್ನು ಮರೆತು ಈ ಹೋಲಿಕೆಯನ್ನು ತುಂಬ ದೂರ ಎಳೆಯಬಾರದು.

ರೇಸ್‌ಗೆ ಎದುರಾಗಿ ಕಾಲ್ ಮಾಡುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿರುವುದು ಬಿಗ್ ಬ್ಲೈಂಡ್‌ಗೆ, ಅಂದರೆ ಆ ಕಡ್ಡಾಯ ಪಣವನ್ನು ಪೂರ್ತಿ ಇಡುವವನಿಗೆ. ಆ ಪೂರ್ತಿ ಪಣವೇ ಮುಂದಿನ ಲೆಕ್ಕದ ಒಂದು ಬ್ಲೈಂಡ್. ಬಟನ್‌ನಲ್ಲಿ, ಅಂದರೆ ಡೀಲರ್ ಜಾಗದಲ್ಲಿ, ಕೂತವನು ಬಿಗ್ ಬ್ಲೈಂಡ್‌ನ ಎರಡೂವರೆ ಪಟ್ಟು ರೇಸ್ ಮಾಡಿ, ಸ್ಮಾಲ್ ಬ್ಲೈಂಡ್ ಹೊರಬಿದ್ದರೆ ಪಾಟ್‌ನಲ್ಲಿ 4 ಬ್ಲೈಂಡ್ ಇರುತ್ತದೆ. ಕಾಲ್‌ಗೆ ಬೇಕಾದದ್ದು 1.5. ಒಟ್ಟು 5.5ರಲ್ಲಿ 1.5 ಎಂದರೆ ಶೇ. 27.3; ನಷ್ಟವಾಗದಿರಲು ಪಾಟ್‌ನಲ್ಲಿ ಅಷ್ಟು ಪಾಲು ಗೆಲ್ಲಬೇಕು. ರೇಸ್ ಎರಡು ಪಟ್ಟಾದರೆ ಬೇಕಾದ ಪಾಲು ಶೇ. 22.2ಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ 30.8ಕ್ಕೆ ಏರುತ್ತದೆ. ಮೇಲಾಗಿ ಬಿಗ್ ಬ್ಲೈಂಡ್‌ನ ಬೆನ್ನ ಹಿಂದೆ ಮರುರೇಸ್ ಮಾಡಲು ಯಾರೂ ಉಳಿದಿರುವುದಿಲ್ಲ. ಆದರೆ ಈ ಶೇಕಡಾವಾರು ಕನಿಷ್ಠ ಮಿತಿಯಷ್ಟೇ. ಬೇರೆ ಬೇರೆ ಜಾತಿಯ ಏಳು–ಎರಡು ಯಾವುದೋ ಎರಡು ಎಲೆಗಳ ಎದುರು ಸುಮಾರು ಶೇ. 35ರಷ್ಟು ಗೆಲ್ಲುತ್ತದೆ, ಆದರೂ ಅದು ಕಾಲ್‌ಗೆ ಯೋಗ್ಯವಲ್ಲ. ರೇಸ್ ಮಾಡಿದವನ ಕೈಯಲ್ಲಿರುವುದು ಯಾವುದೋ ಎರಡು ಎಲೆಯಲ್ಲ. ಜೊತೆಗೆ, ಮೊದಲು ಆಡಬೇಕಾದವನು ಕೊನೆಯ ಎಲೆಯವರೆಗೆ ಉಳಿಯುವ ಮೊದಲೇ ಪಣದ ಒತ್ತಡಕ್ಕೆ ಸಿಕ್ಕು ಎಲೆ ಬಿಡಬೇಕಾಗುತ್ತದೆ.

ಚಿಕ್ಕ ಜೋಡಿಗಳ ವಿಷಯದಲ್ಲಿ ಲೆಕ್ಕ ಬೇರೆ. ಐದರ ಜೋಡಿ ಹಿಡಿದವನಿಗೆ ಫ್ಲಾಪ್‌ನಲ್ಲಿ ಇನ್ನೊಂದು ಐದು ಸಿಗುವ ಸಾಧ್ಯತೆ ಶೇ. 11.8. ಬಟನ್‌ನಲ್ಲಿದ್ದು 3 ಬ್ಲೈಂಡ್‌ನ ರೇಸ್‌ಗೆ ಕಾಲ್ ಮಾಡಿ, ಬ್ಲೈಂಡ್‌ಗಳಿಬ್ಬರೂ ಹೊರಬಿದ್ದು, ಐದು ಬರದಿದ್ದರೆ ಎಲೆ ಬಿಡುವುದೆಂದಿಟ್ಟುಕೊಂಡರೆ, ನಷ್ಟವಾಗದಿರಲು ಐದು ಬಂದಾಗ ಸರಾಸರಿ 22.5 ಬ್ಲೈಂಡ್ ದಕ್ಕಬೇಕು. ಅದರಲ್ಲಿ 4.5 ಪಾಟ್‌ನಲ್ಲಿದೆ, ಉಳಿದ 18 ಎದುರಾಳಿಯಿಂದ ಬರಬೇಕು. ಅವನು 20 ಬ್ಲೈಂಡ್‌ನೊಂದಿಗೆ ಕೂತಿದ್ದರೆ ರೇಸ್ ನಂತರ ಅವನಲ್ಲಿ ಉಳಿದಿರುವುದೇ 17. ಪ್ರತಿ ಸಲವೂ ಅವನು ಪೂರ್ತಿ ಕಳೆದುಕೊಂಡರೂ ಈ ಕಾಲ್ ನಷ್ಟದ್ದೇ. ನೂರು ಬ್ಲೈಂಡ್ ಇರುವವನ ಎದುರು ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಕ್ಲಬ್ಬಿನವರು ಪಾಟ್‌ನಿಂದ ಮುರಿದುಕೊಳ್ಳುವ ಪಾಲು ಕಾಲ್‌ಗೆ ಇನ್ನೊಂದು ಹೊರೆ. ಆಟ ಫ್ಲಾಪ್‌ಗೆ ಮುನ್ನವೇ ಮುಗಿದರೆ ಸಾಮಾನ್ಯವಾಗಿ ಆ ಮುರಿತವಿರುವುದಿಲ್ಲ. ರೇಸ್ ಮಾಡಿದವನಿಗೆ ಅದನ್ನು ತಪ್ಪಿಸಿಕೊಳ್ಳುವ ಅವಕಾಶವುಂಟು, ಕಾಲ್ ಮಾಡಿ ಫ್ಲಾಪ್ ನೋಡುವವನಿಗೆ ಇಲ್ಲ. ಟೂರ್ನಿಗಳಲ್ಲಿ ಪ್ರತಿ ಪಾಟ್‌ನಿಂದ ಮುರಿತವಿಲ್ಲ. ಬದಲಿಗೆ ಒಂದು ಬ್ಲೈಂಡ್‌ನಷ್ಟು ಆಂಟಿ, ಅಂದರೆ ಆಟಕ್ಕೆ ಮುನ್ನ ಇಡುವ ಹೆಚ್ಚುವರಿ ಪಣ, ಪಾಟ್‌ಗೆ ಸೇರುವುದುಂಟು. ಆಗ ಬಿಗ್ ಬ್ಲೈಂಡ್‌ಗೆ ಮೇಲಿನ ಶೇ. 27.3 ಎಂಬುದು 23.1 ಆಗುತ್ತದೆ.

ಪ್ಲುರಿಬಸ್‌ನ ಮಾತನ್ನು ಎಲ್ಲ ಮೇಜಿಗೂ ನಿಯಮವಾಗಿ ಹೇರುವುದು, ಬೆಲೆ ಮೇಜಿನಿಂದ ಮೇಜಿಗೆ ಬದಲಾಗುವ ಈ ಕಾರಣಕ್ಕೇ, ಸರಿಯಲ್ಲ. ಅದು ಆಡಿದ ಮೇಜಿನಲ್ಲಿ ಪ್ರತಿ ಆಟವನ್ನೂ ಎಲ್ಲರೂ 100 ಬ್ಲೈಂಡ್‌ನೊಂದಿಗೆ ಆರಂಭಿಸುತ್ತಿದ್ದರು. ಆಂಟಿಯಿರುವ, ಕೈಯಲ್ಲಿ 20–30 ಬ್ಲೈಂಡ್ ಮಾತ್ರ ಉಳಿದ ಟೂರ್ನಿಯ ಮೇಜಿನ ಲಿಂಪ್ ಬಗ್ಗೆ ಆ ಪ್ರಯೋಗ ಏನನ್ನೂ ಸಾಧಿಸಿಲ್ಲ.