ಊರಿಗೆ ಬಂದವರ ಸುದ್ದಿ ಮುಟ್ಟಿಸುವ ಕೆಲಸ

ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ.

ಮೊನ್ನೆ ಶಿರಸಿ ಕಡೆಯ ಒಂದು ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬಂತು. ಅಡಿಕೆ ಕೊಯ್ಲಿಗೆ, ಗಾರೆ ಕೆಲಸಕ್ಕೆ ಹೊರಗಿಂದ ಬಂದವರ ಪಟ್ಟಿಯನ್ನು ಪಂಚಾಯ್ತಿಯವರೇ ಮಾಡಿ ಪೊಲೀಸರಿಗೆ ಕೊಡಬೇಕು, ಕೊಡದಿದ್ದರೆ ಪಂಚಾಯ್ತಿ ಮೇಲೆ ಕ್ರಮ ಆಗಬೇಕು, ಅದಕ್ಕೊಂದು ಕಾನೂನು ಬೇಕು ಅಂತ. "ಅಮೆರಿಕದಲ್ಲಿ ಮಾಡಿದ್ದಾರೆ, ನಮ್ಮಲ್ಲಿ ಯಾಕಿಲ್ಲ?" ಅಂತ ಒಬ್ಬರು ಕೇಳಿದ್ದರು.

ಅಮೆರಿಕದಲ್ಲಿ ಮಾಡಿದ್ದು ನಿಜ. ಟೆಕ್ಸಾಸ್ ರಾಜ್ಯ 2017ರಲ್ಲಿ ಎಸ್.ಬಿ. 4 ಅನ್ನುವ ಕಾನೂನು ತಂತು. ವಲಸೆ ಇಲಾಖೆ ಕೇಳಿದ ಕೈದಿಯನ್ನು ಸ್ಥಳೀಯ ಜೈಲಿನವರು ಬಿಡದೆ ಇಟ್ಟುಕೊಳ್ಳಬೇಕು. ಸಹಕರಿಸದ ಊರಿಗೆ ದಂಡ, ಅಧಿಕಾರಿಯ ಹುದ್ದೆಗೂ ಕುತ್ತು. 2019ರಲ್ಲಿ ಫ್ಲಾರಿಡಾ ಕೂಡ ಅದೇ ದಾರಿ ಹಿಡೀತು. ಆದರೆ "ನಮ್ಮಲ್ಲಿ ಯಾಕಿಲ್ಲ" ಅನ್ನೋ ಮಾತಿದೆಯಲ್ಲ, ಅದು ತಪ್ಪು. ನಮ್ಮಲ್ಲಿ ಇತ್ತು. ನಮ್ಮ ಕೇರಿಯ ಅಜ್ಜಂದಿರ ಕೈಲೇ ಮಾಡಿಸಿದ್ದರು.

ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಊರಿನಲ್ಲಿ ಸರ್ಕಾರ ಅಂದರೆ ಮೇಲೆ ಪಟೇಲ, ಶಾನುಭೋಗ. ಕೆಳಗೆ ಓಡಾಡುವವನು ಉಗ್ರಾಣಿ. ನನ್ನಜ್ಜ ಉಗ್ರಾಣಿ ಕೆಲಸ ಮಾಡಿದವನು. ಕಂದಾಯಕ್ಕೆ ಕರೆಯೋದು, ಸಾಹೇಬರ ಗಂಟು ಹೊರೋದು, ಊರಿಗೆ ಯಾರು ಬಂದರು ಯಾರು ಹೋದರು ಅಂತ ಪಟೇಲನಿಗೆ ಹೇಳೋದು. ಪಟೇಲನ ಜಗಲಿ ಹತ್ತುವ ಹಾಗಿಲ್ಲ, ಅಂಗಳದಲ್ಲೇ ನಿಂತು ಹೇಳಬೇಕು.

1871ರಲ್ಲಿ ಬ್ರಿಟಿಷರು 'ಅಪರಾಧಿ ಬುಡಕಟ್ಟು' ಕಾಯ್ದೆ ತಂದರು. ಪಟ್ಟಿಗೆ ಸೇರಿದ ಜನ ಊರು ಬಿಟ್ಟರೆ, ಅಂಥವರು ಅನ್ನಿಸುವ ಯಾರಾದರೂ ಊರಿಗೆ ಬಂದರೆ, ಕೂಡಲೇ ಠಾಣೆಗೆ ತಿಳಿಸುವುದು ಊರ ಮುಖ್ಯಸ್ಥನ ಮತ್ತು ಕಾವಲುಗಾರನ ಕರ್ತವ್ಯ ಅಂತ ಅದರಲ್ಲೇ ಬರೆದಿತ್ತು. 1911ರಲ್ಲಿ ಅದು ಮುಂಬೈ ಪ್ರಾಂತ್ಯಕ್ಕೂ ಬಂತು. ಹಿಡಿದವರನ್ನು ಕೂಡಿಹಾಕಿದ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಇವತ್ತಿಗೂ 'ಸೆಟ್ಲಮೆಂಟ್' ಅಂತಲೇ ಹೆಸರು. ಈ ಕಾಯ್ದೆ ರದ್ದಾಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ.

ಇದರ ಮರ್ಮ ನೋಡಿ. ಸುದ್ದಿ ಮುಟ್ಟಿಸಬೇಕಾದವನೂ ಬಡವ, ಯಾರ ಮೇಲೆ ಸುದ್ದಿಯೋ ಅವನೂ ಬಡವ. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ವತನು ತಿದ್ದುಪಡಿ ಮಸೂದೆ ಮಂಡಿಸಿದ್ದು ಸುಮ್ಮನೆ ಅಲ್ಲ. ತುಂಡು ಭೂಮಿಯ ಆಸೆ ತೋರಿಸಿ ಹಗಲೂ ರಾತ್ರಿ ಊರ ಚಾಕರಿ ಮಾಡಿಸುವ ಹಗ್ಗ ಅದು ಅಂತ ಅವರಿಗೆ ಗೊತ್ತಿತ್ತು.

ಹಾಗಾದರೆ ನಮ್ಮ ಸೀಮೆಯಲ್ಲಿ 'ಹೊರಗಿನವರು' ಅಂದರೆ ಯಾರು? ಶಿರಸಿ ಹತ್ತಿರದ ಸೋದೆಯ ಕತೆ ಕೇಳಿ. 1763ರ ಹೊತ್ತಿಗೆ ಹೈದರಾಲಿ ಸೋದೆಗೆ ನುಗ್ಗಿದಾಗ ಅಲ್ಲಿನ ಅರಸ ಗಡಿ ದಾಟಿ ಗೋವೆಗೆ ಓಡಿದ. ಪೋರ್ಚುಗೀಸರು ಆಶ್ರಯ ಕೊಟ್ಟರು, ಫೋಂಡಾ ಹತ್ತಿರದ ಬಾಂದಿವಡೆಯಲ್ಲಿ ಅವನ ವಂಶ ನೆಲೆ ನಿಂತಿತು.

ಅದೇ ಗೋವೆಯಿಂದ ಈ ಕಡೆಗೂ ಜನ ಓಡಿ ಬರುತ್ತಿದ್ದರು. ಪೋರ್ಚುಗೀಸರು ಆಫ್ರಿಕಾದಿಂದ ಹಿಡಿದು ತಂದು ಗುಲಾಮರಾಗಿ ದುಡಿಸಿದವರು ಅವರು. ತಪ್ಪಿಸಿಕೊಂಡು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ಅವರೇ ನಮ್ಮ ಸಿದ್ದಿಯರು. ಅರಸ ಗಡಿ ದಾಟಿದರೆ ಮರ್ಯಾದೆ, ಗುಲಾಮ ದಾಟಿದರೆ ಕಾಡೇ ಗತಿ. ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಇಷ್ಟು ತಲೆಮಾರು ಕಳೆದರೂ ಬಸ್ಸಿನಲ್ಲಿ "ನೀವು ಯಾವ ದೇಶದವರು?" ಅಂತ ಅವರನ್ನು ಕೇಳೋದು ನಿಂತಿಲ್ಲ. ನಾಳೆ ಪಟ್ಟಿ ಮಾಡಲು ಬರುವವನು ಮೊದಲು ಯಾರ ಮುಖ ನೋಡ್ತಾನೆ, ನೀವೇ ಹೇಳಿ.

ಇದು ಬರೀ ಹೆದರಿಕೆ ಅಲ್ಲ, ಆಗಿಹೋದ ಮಾತು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು ನೆಲಸಮ ಮಾಡಿದರು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳು ಅಂತ ಪಾಲಿಕೆಯ ಎಂಜಿನಿಯರೊಬ್ಬರ ಪತ್ರದಲ್ಲಿ ಬರೆದಿತ್ತು. ಬೀದಿಗೆ ಬಿದ್ದವರು ಯಾರು? ನಮ್ಮದೇ ಉತ್ತರ ಕರ್ನಾಟಕದಿಂದ ದುಡಿಯೋಕೆ ಹೋದವರು, ಅಸ್ಸಾಂ, ತ್ರಿಪುರಾದವರು. ಕೊನೆಗೆ ಹೈಕೋರ್ಟ್ ಮಧ್ಯೆ ಬಂದು ತಡೆಯಬೇಕಾಯಿತು. ಇನ್ನೊಂದು ಗೊತ್ತಾ? ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ವಿದೇಶಿಯರನ್ನು ಇಡುವ ಕೇಂದ್ರ ಮಾಡಿದರಲ್ಲ, ಆ ಕಟ್ಟಡ ಮೊದಲು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್. ನಮ್ಮಂಥ ಮಕ್ಕಳು ಓದಲಿ ಅಂತ ಕಟ್ಟಿದ್ದು.

ವಿದೇಶಿಯರ ಕಾಯ್ದೆ 1946ರಿಂದಲೇ ಇತ್ತು, ಅದರ ಜಾಗಕ್ಕೆ 2025ರಲ್ಲಿ ಹೊಸದು ಬಂತು. ಎರಡರಲ್ಲೂ ಒಂದು ಮಾತು ಬದಲಾಗಿಲ್ಲ: ನಾನು ವಿದೇಶಿ ಅಲ್ಲ ಅಂತ ತೋರಿಸುವ ಹೊಣೆ ಅನುಮಾನಕ್ಕೆ ಸಿಕ್ಕವನದೇ. ಅಂದರೆ ಕಾಗದ ತೋರಿಸಬೇಕು.

ಕಾಗದದ ಕಷ್ಟ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನಕ್ಕೆ ನಾನು ಹೇಳಿಕೊಡಬೇಕಾ? ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಾನೂ ಅರ್ಜಿ ಹಿಡಿದು ಕಚೇರಿ ಅಲೆದೆ. "1930ರ ದಾಖಲೆ ಇದೆಯಾ?" ಅಂದರು. ಊರಿಗೆ ಬಂದವರ ಲೆಕ್ಕವನ್ನೆಲ್ಲ ಒಪ್ಪಿಸಿದ ನನ್ನಜ್ಜ, ತಾನು ಇದ್ದುದಕ್ಕೆ ಒಂದು ಚೀಟಿ ಉಳಿಸಿರಲಿಲ್ಲ.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ದಾರಿಯೂ ಇದೆ. 2008ರ ನಿಯಮ 13ರ ಪ್ರಕಾರ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಅರ್ಜಿಯನ್ನು ಮೊದಲು ನೋಡೋದೂ ಗ್ರಾಮಸಭೆಯೇ. "ಹೌದು, ಇವರು ನಮ್ಮ ನಡುವೆ ಬಾಳಿದವರು" ಅಂತ ಊರು ಹೇಳಿದರೆ ಅದಕ್ಕೂ ಬೆಲೆ ಇದೆ.

ಪಂಚಾಯ್ತಿಯಿಂದ ನಮಗೆ ಬೇಕಾದ್ದು ಇದು. ನೆರೆಯವನ ಮೇಲೆ ಸುದ್ದಿ ಮುಟ್ಟಿಸುವ ಉಗ್ರಾಣಿಕೆ ನಮ್ಮ ಅಜ್ಜಂದಿರ ಕಾಲಕ್ಕೇ ಮುಗಿಯಲಿ. ಮುಂದಿನ ಗ್ರಾಮಸಭೆಗೆ ಹೋಗಿ, ಅರಣ್ಯ ಹಕ್ಕಿನ ತಿರಸ್ಕೃತ ಅರ್ಜಿಗಳ ಪಟ್ಟಿ ಕೇಳಿ. ಮಾಡೋದಾದರೆ ಆ ಪಟ್ಟಿ ಮಾಡೋಣ.

ಜೈ ಭೀಮ್.